ಎಲೆ ಹಳದಿಯಾದರೆ ಲೋಹವೇ ಕಾರಣವೇ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಮೈಸೂರು, ಮಂಡ್ಯ ಕಡೆಯವು. ನೀರಿನಲ್ಲೋ ಬೂದಿಯಲ್ಲೋ ಹೂಳಿನಲ್ಲೋ ಬಂದ ಭಾರಲೋಹ ಬೆಳೆಯನ್ನು ಏನು ಮಾಡುತ್ತಿದೆ ಎಂಬ ಆತಂಕ ಎಲ್ಲದರಲ್ಲೂ ಇದೆ. ಆತಂಕ ನ್ಯಾಯವಾದದ್ದೇ. ಆದರೆ ಗಿಡ ಸೊರಗಿದಾಗ ಅದಕ್ಕೆ ಲೋಹ ಕಾರಣವಾಗಿರುವುದು ಕಡಿಮೆ. ಲೋಹ ನಿಜವಾಗಿ ಸೇರಿಕೊಂಡ ಗಿಡ ಹಸಿರಾಗಿ ನಳನಳಿಸುತ್ತಲೇ ಇರಬಹುದು. ಹಾಗಾಗಿ ಬರೀ ಎಲೆಯ ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ.

ಪ್ರಶ್ನೆ: ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೇ ಭಾಗದಲ್ಲಿ ನಮ್ಮ ಗದ್ದೆ ಇದೆ. ನಾಟಿ ಮಾಡಿ ಮೂರು ವಾರಕ್ಕೆ ಪೈರು ಕುಳ್ಳಾಗಿ ನಿಂತುಬಿಟ್ಟಿದೆ, ಗರಿ ಮೇಲೆ ತುಕ್ಕಿನ ಬಣ್ಣದ ಚುಕ್ಕಿಗಳು ಬಂದಿವೆ. ಮೇಲುಗಡೆ ಹಳ್ಳಕ್ಕೆ ಕಾರ್ಖಾನೆ ನೀರು ಸೇರುತ್ತದೆ, ಅದರ ಲೋಹ ಹತ್ತಿದೆ ಎಂದು ಪಕ್ಕದ ಗದ್ದೆಯವರು ಹೇಳುತ್ತಾರೆ. ನೀರು ಬಸಿದುಬಿಡಲೇ?
– ಮದ್ದೂರು ತಾಲ್ಲೂಕು

ನೀವು ಬರೆದಿರುವ ಲಕ್ಷಣಗಳು ಸತುವಿನ ಕೊರತೆಯವು. ಅಂದರೆ ಲೋಹ ಹೆಚ್ಚಾದದ್ದಲ್ಲ, ಬೇಕಾದ ಲೋಹವೇ ಸಿಗದೆ ಹೋದದ್ದು. ಭತ್ತದ ಈ ತೊಂದರೆಗೆ ಖೈರಾ ರೋಗ ಎಂಬ ಹೆಸರಿದೆ. ಸದಾ ನೀರು ನಿಲ್ಲುವ, ಪಿಎಚ್ (ಹುಳಿ-ಕ್ಷಾರದ ಅಳತೆ) 7.5 ದಾಟಿದ ಮಣ್ಣಿನಲ್ಲಿ ಸತು ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗುವುದಿಲ್ಲ. ನಾಲೆ ಬಯಲಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆದು, ಪ್ರತಿ ಬೆಳೆಗೂ ರಂಜಕದ ಗೊಬ್ಬರವಾದ ಡಿಎಪಿ ಸುರಿದ ಗದ್ದೆಗಳಲ್ಲಿ ಇದು ಮಾಮೂಲು. ರಂಜಕ ಹೆಚ್ಚಾದಷ್ಟೂ ಸತುವಿನ ಕೊರತೆ ಬಿಗಡಾಯಿಸುತ್ತದೆ.

ಖಚಿತಪಡಿಸಿಕೊಳ್ಳಲು ಒಂದು ಬುಡ ಕಿತ್ತು ನೋಡಿ. ಸತುವಿನ ಕೊರತೆಯಾಗಿದ್ದರೆ ಎಳೆ ಗರಿಯ ಬುಡದಲ್ಲಿ ನಡುನರ ಬಿಳಿಚಿರುತ್ತದೆ. ತುಕ್ಕಿನ ಚುಕ್ಕಿಗಳು ಹಳೆಯ ಗರಿಗಳ ಮೇಲೆ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗದ್ದೆಯಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ, ನೀರು ಹೆಚ್ಚು ನಿಲ್ಲುವ ಮಡಿಯಲ್ಲೇ ಜಾಸ್ತಿ. ಕಬ್ಬಿಣದ ನಂಜಾಗಿದ್ದರೆ ಚುಕ್ಕಿ ಕೆಳಗರಿಯ ತುದಿಯಿಂದ ಶುರುವಾಗುತ್ತದೆ, ಬೇರಿಗೆ ದಪ್ಪ ಕೆಂಗಂದು ಲೇಪ ಹತ್ತಿರುತ್ತದೆ. ಅದು ಹುಳಿ ಮಣ್ಣಿನ ಕಾಯಿಲೆ, ಕರಾವಳಿ ಮಲೆನಾಡಿನ ಕಡೆ ಹೆಚ್ಚು. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಹಸಿ ಗೊಬ್ಬರ, ಕೂಳೆ ಕೊಳೆತು ಗಂಧಕದ ಅನಿಲ ಎದ್ದಿದೆ ಎಂದರ್ಥ. ಬದುವಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ, ಗರಿಯ ತುದಿ ಬೆಳ್ಳಗೆ ಸುಟ್ಟಂತೆ ಸುರುಳಿಯಾದರೆ ಚೌಳು.

ಈಗಲೇ ಮಾಡಬೇಕಾದದ್ದು: ಮೂರು ನಾಲ್ಕು ದಿನ ನೀರು ಬಸಿದು ಗದ್ದೆ ಸ್ವಲ್ಪ ಆರಲಿ. 200 ಲೀಟರ್ ನೀರಿಗೆ 1 ಕಿಲೋ ಸತುವಿನ ಸಲ್ಫೇಟ್ ಕರಗಿಸಿ. ಅರ್ಧ ಕಿಲೋ ಸುಣ್ಣವನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ ತಿಳಿಯನ್ನು ಸೋಸಿ ಅದಕ್ಕೆ ಸೇರಿಸಿ, ಎಕರೆಗೆ ಸಿಂಪಡಿಸಿ. ಸುಣ್ಣ ಬಿಟ್ಟರೆ ಗರಿ ಸುಡುತ್ತದೆ. ಹತ್ತು ದಿನಕ್ಕೆ ಇನ್ನೊಂದು ಸಲ. ಮುಂದಿನ ಬೆಳೆಗೆ ಕೊನೇ ಉಳುಮೆಯಲ್ಲಿ ಎಕರೆಗೆ 8 ಕಿಲೋ ಕೊಡಿ. ಇದು ಶೇ 21ರ ಹರಳು ಸಲ್ಫೇಟಿನ ಲೆಕ್ಕ, ಶೇ 33ರದ್ದಾದರೆ 5 ಕಿಲೋ ಸಾಕು. ಡಿಎಪಿ, ಸೂಪರ್ ಫಾಸ್ಫೇಟ್ ಜೊತೆ ಕಲಸಿ ಎರಚಬೇಡಿ, ಎರಡೂ ಒಂದನ್ನೊಂದು ಕಟ್ಟಿಹಾಕಿಕೊಳ್ಳುತ್ತವೆ. ಒಂದು ಸಲ ಕೊಟ್ಟದ್ದು ಎರಡು ಮೂರು ಬೆಳೆಗೆ ಬರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಡಿಟಿಪಿಎ ಸತು (ಬೇರಿಗೆ ಸಿಗುವ ರೂಪದ ಸತು) ಕಿಲೋಗೆ 0.6 ಮಿಲಿಗ್ರಾಂ ದಾಟಿದ್ದರೆ ಮತ್ತೆ ಹಾಕುವುದು ದಂಡ.

ಕಾರ್ಖಾನೆ ನೀರಿನ ಸಂಶಯವನ್ನು ತಳ್ಳಿಹಾಕಿ ಎನ್ನುತ್ತಿಲ್ಲ. ಆ ನೀರಿನಲ್ಲಿ ಕ್ಯಾಡ್ಮಿಯಂ ಇದ್ದರೆ, ಪೈರನ್ನು ಕುಳ್ಳಾಗಿಸುವುದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಅಕ್ಕಿಯಲ್ಲಿ ಮಿತಿ ಮೀರಬಹುದು. ಗಿಡಕ್ಕೆ ಕ್ಯಾಡ್ಮಿಯಂ ಎಳೆದುಕೊಳ್ಳಬೇಕೆಂಬ ಆಸೆಯೇನೂ ಇಲ್ಲ. ಸತು, ಮ್ಯಾಂಗನೀಸ್ ಒಳಬರಲು ಬೇರಿನಲ್ಲಿ ಇಟ್ಟುಕೊಂಡ ಬಾಗಿಲಿನಿಂದಲೇ ಅದು ನುಸುಳುತ್ತದೆ. ಸತು ಸಿಗದೆ ಹಸಿದ ಗಿಡ ಆ ಬಾಗಿಲುಗಳನ್ನು ಇನ್ನಷ್ಟು ತೆರೆಯುತ್ತದೆ. ಆದ್ದರಿಂದ ಸತುವಿನ ಕೊರತೆ ನೀಗಿಸುವುದು ಇಳುವರಿಗೂ ಒಳ್ಳೆಯದು, ಕ್ಯಾಡ್ಮಿಯಂ ತಡೆಗೂ ಒಳ್ಳೆಯದು.

ನೀರು ಬಸಿಯುವ ವಿಷಯದಲ್ಲಿ ಸಮಯ ಮುಖ್ಯ. ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದೆ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದೆ ಉಳಿಯುತ್ತದೆ. ಗದ್ದೆ ಒಣಗಿ ಬಿರುಕು ಬಿಟ್ಟೊಡನೆ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ತೆಂಡೆ ಒಡೆಯುವಾಗ ನಾಲ್ಕು ದಿನ ಬಸಿದರೆ ಅಪಾಯವಿಲ್ಲ. ಆದರೆ ಹೊಡೆ ಬಿಚ್ಚುವುದಕ್ಕೆ ಮೂರು ವಾರ ಮೊದಲಿನಿಂದ ಮೂರು ವಾರ ನಂತರದವರೆಗೆ, ಕ್ಯಾಡ್ಮಿಯಂ ಸಂಶಯವಿರುವ ಗದ್ದೆಯನ್ನು ಒಣಗಲು ಬಿಡಬಾರದು. ಜಪಾನಿನ ಜಿಂಝು ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿ ಉಂಡವರಿಗೆ ಮೂಳೆ ಮುರಿಯುವ ಇತಾಯಿ-ಇತಾಯಿ ಕಾಯಿಲೆ ಬಂತು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ಕಾಯಿಲೆ ಎಂದು ಒಪ್ಪಿತು. ಈ ನೀರು ನಿಲ್ಲಿಸುವ ಪದ್ಧತಿಯನ್ನು ಜಪಾನಿನ ರೈತರು ಇವತ್ತೂ ಪಾಲಿಸುತ್ತಾರೆ. ಆರ್ಸೆನಿಕ್ ಇರುವ ಕಡೆ ಮಾತ್ರ ಇದು ತಿರುವುಮುರುವು: ನೀರು ನಿಂತಷ್ಟೂ ಆರ್ಸೆನಿಕ್ ಹೆಚ್ಚು ಒಳಹೋಗುತ್ತದೆ. ಅದಕ್ಕೇ ಯಾವ ಲೋಹ ಎಂದು ತಿಳಿಯದೆ ಔಷಧಿ ಹೇಳಲಾಗದು.

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ಒಂದೂವರೆ ಎಕರೆ ಇದೆ. ಬೋರ್‌ವೆಲ್ ಬತ್ತಿದ ಮೇಲೆ ಊರಿನ ದೊಡ್ಡ ಮೋರಿ ನೀರನ್ನೇ ಎತ್ತಿ ಪಾಲಕ್, ದಂಟು, ಕೊತ್ತಂಬರಿ ಬೆಳೆಯುತ್ತಿದ್ದೇವೆ. ಸೊಪ್ಪು ಚೆನ್ನಾಗಿಯೇ ಬರುತ್ತಿದೆ. ಇದನ್ನು ಜನ ತಿನ್ನಬಹುದೇ? ತೊಳೆದರೆ ಲೋಹ ಹೋಗುತ್ತದೆಯೇ?
– ಮೈಸೂರು ತಾಲ್ಲೂಕು

ಈ ಪ್ರಶ್ನೆಯನ್ನು ನೀವಾಗಿ ಕೇಳಿದ್ದೀರಿ ಎಂಬುದಕ್ಕೇ ನಮ್ಮ ಗೌರವ. ಸೊಪ್ಪು ಚೆನ್ನಾಗಿ ಬರಲು ಕಾರಣ ಮೋರಿ ನೀರಿನಲ್ಲಿರುವ ಸಾರಜನಕ, ರಂಜಕ. ಅದು ಲೋಹ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಗಿಡದ ಒಳಗೆ ನಡೆಯುವುದು ಹೀಗೆ. ಕ್ಯಾಡ್ಮಿಯಂ ಬೇರಿನ ಕೋಶಕ್ಕೆ ಬಂದ ಕೂಡಲೇ ಗಿಡ ಗಂಧಕವಿರುವ ಪುಟ್ಟ ಪುಟ್ಟ ಸರಪಳಿಗಳನ್ನು ನೇಯುತ್ತದೆ. ಫೈಟೋಕೆಲೇಟಿನ್ ಎಂದು ಅವುಗಳ ಹೆಸರು, 1985ರಲ್ಲಿ ಪತ್ತೆಯಾದವು. ಅವು ಲೋಹವನ್ನು ಹಿಡಿದು ಕೋಶದ ರಸದಾನಿಯೊಳಗೆ ಕೂಡಿಹಾಕುತ್ತವೆ. ಬೇರಿನಲ್ಲೇ ಕೂಡಿಹಾಕಿದರೆ ಎಲೆ ಬಚಾವು. ಪಾಲಕ್, ದಂಟು, ಲೆಟ್ಯೂಸ್‌ನಂಥ ಗಿಡಗಳಲ್ಲಿ ಮಾತ್ರ ಬಹುಪಾಲು ಎಲೆಗೆ ಏರಿ ಅಲ್ಲಿನ ರಸದಾನಿಯಲ್ಲಿ ಕೂರುತ್ತದೆ. ಗಿಡಕ್ಕೆ ತೊಂದರೆಯಿಲ್ಲ, ತಿಂದವರ ಮೂತ್ರಪಿಂಡಕ್ಕೆ ತೊಂದರೆ. ಗಿಡದ ಈ ಆತ್ಮರಕ್ಷಣೆಯೇ ನಮ್ಮ ಕಣ್ಣು ಕಟ್ಟುವುದು. ಸೀಸದ ದಾರಿ ಬೇರೆ. ಅದು ಬೇರಿನ ಕೋಶಭಿತ್ತಿಗೆ ಅಂಟಿಕೊಂಡು ಮೇಲೇರುವುದು ಕಡಿಮೆ. ಸೊಪ್ಪಿನಲ್ಲಿ ಸಿಗುವ ಸೀಸದಲ್ಲಿ ಹೆಚ್ಚಿನದು ಎಲೆಗೆ ಮೆತ್ತಿದ ಮಣ್ಣು, ಧೂಳಿನದು.

ಹಾಗಾಗಿ ತೊಳೆಯುವ ಪ್ರಶ್ನೆಗೆ ಎರಡು ಉತ್ತರ. ಬುಡ ಕತ್ತರಿಸಿ, ಎಲೆ ಬಿಡಿಸಿ, ಮೂರು ಸಲ ಹೊಸ ನೀರಿನಲ್ಲಿ ಅಲುಗಿಸಿ ತೊಳೆದರೆ ಸೀಸದ ದೊಡ್ಡ ಪಾಲು ಹೋಗುತ್ತದೆ. ಕ್ಯಾಡ್ಮಿಯಂ ಹೋಗುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ.

ಪರೀಕ್ಷೆ ಮಾಡಿಸುವುದೇ ದಾರಿ, ಮೂರನ್ನೂ ಮಾಡಿಸಿ: ನೀರು, ಮಣ್ಣು, ಸೊಪ್ಪು. ಮಣ್ಣನ್ನು ಎಕರೆಗೆ 10ರಿಂದ 15 ಕಡೆ ಅಂಕುಡೊಂಕಾಗಿ ನಡೆದು ತೆಗೆಯಿರಿ. ತಿಪ್ಪೆ, ಬದು, ಮರದ ಬುಡ, ನೀರು ಬೀಳುವ ಮೂಲೆ ಬಿಡಿ. ನೀರು ಬೀಳುವ ಮೂಲೆಯದ್ದನ್ನು ಬೇರೆಯೇ ಮಾದರಿಯಾಗಿ ಕೊಡಿ, ಲೋಹ ಅಲ್ಲೇ ಹೆಚ್ಚು ಇಳಿದಿರುತ್ತದೆ. ‘ವಿ’ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಿ ಒಂದು ಪಕ್ಕದ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಕೆರೆದುಕೊಳ್ಳಿ. ಸತು ಲೇಪದ ತಗಡಿನ ಬಾಂಡ್ಲಿ, ತುಕ್ಕು ಹಿಡಿದ ಸಲಿಕೆ ಬೇಡ. ಮರದ ಅಥವಾ ಪ್ಲಾಸ್ಟಿಕ್ ಕರಣೆ ಇರಲಿ, ಇಲ್ಲದಿದ್ದರೆ ಬಾಂಡ್ಲಿಯ ಸತುವೇ ವರದಿಯಲ್ಲಿ ಬರುತ್ತದೆ. ಕಲಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಸಾಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಮಾಮೂಲಿ ಮಣ್ಣು ಆರೋಗ್ಯ ಚೀಟಿಯಲ್ಲಿ ಕ್ಯಾಡ್ಮಿಯಂ, ಸೀಸ ಇರುವುದಿಲ್ಲ; ‘ಒಟ್ಟು ಭಾರಲೋಹ’ ಮತ್ತು ‘ಡಿಟಿಪಿಎ ಲೋಹ’ ಎಂದು ಕೇಳಿ ಬರೆಸಬೇಕು. ನೀರನ್ನು ಒಂದೇ ಸಲ ಹಿಡಿದರೆ ಸಾಲದು. ಮೋರಿ ನೀರು ಗಂಟೆಗಂಟೆಗೆ ಬದಲಾಗುತ್ತದೆ; ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಹೊತ್ತಿನದ್ದು ಹಿಡಿಯಿರಿ.

ವರದಿ ಬಂದ ಮೇಲೆ ನೋಡಬೇಕಾದ ಅಂಕಿಗಳು: ನೀರಾವರಿ ನೀರಿನಲ್ಲಿ ಲೀಟರಿಗೆ ಕ್ಯಾಡ್ಮಿಯಂ 0.01, ಕ್ರೋಮಿಯಂ 0.1, ತಾಮ್ರ 0.2, ನಿಕ್ಕಲ್ 0.2 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ. ಹಸಿ ಸೊಪ್ಪಿನಲ್ಲಿ ಕಿಲೋಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿಲಿಗ್ರಾಂ ಎಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ. ವರದಿಯಲ್ಲಿ ಅಂಕಿ ಒಣತೂಕಕ್ಕೋ ಹಸಿತೂಕಕ್ಕೋ ಎಂದು ಕೇಳಿ. ಸೊಪ್ಪಿನಲ್ಲಿ ನೀರೇ ಶೇ 90ರಷ್ಟು ಇರುವುದರಿಂದ ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಇಲ್ಲಿ ಗೊಂದಲವಾಗಿ ಸುಮ್ಮನೆ ಹೆದರಿದವರೂ ಇದ್ದಾರೆ, ಸುಮ್ಮನೆ ನೆಮ್ಮದಿಯಾದವರೂ ಇದ್ದಾರೆ.

ವರದಿ ಬರುವವರೆಗೆ ಸೊಪ್ಪು ನಿಲ್ಲಿಸಿ. ಹೀರೆ, ಪಡವಲ, ಟೊಮೆಟೊ, ಬೆಂಡೆಯಂಥ ಕಾಯಿಗೆ ಲೋಹ ಏರುವುದು ಸೊಪ್ಪಿಗಿಂತ ತೀರಾ ಕಡಿಮೆ; ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಿ, ಕಾಯಿ ಮಣ್ಣು ಮುಟ್ಟದಿರಲಿ. ಮೂಲಂಗಿ, ಬೀಟ್‌ರೂಟ್ ಬೇಡ. ವರದಿ ಕೆಟ್ಟದಾಗಿ ಬಂದರೆ ಸೇವಂತಿಗೆ, ಕನಕಾಂಬರದಂಥ ಹೂವಿಗೆ ಅಥವಾ ಹೆಬ್ಬೇವಿಗೆ ಹೊರಳುವುದೇ ಸರಿ. ನೀರನ್ನು ನೇರ ಹಾಯಿಸದೆ ಒಂದು ಹೊಂಡದಲ್ಲಿ ಹಗಲೊಂದು ರಾತ್ರಿಯೊಂದು ನಿಲ್ಲಿಸಿ ಮೇಲಿನ ತಿಳಿ ಮಾತ್ರ ಎತ್ತಿ. ಸೀಸ, ಕ್ರೋಮಿಯಂ ಹೆಚ್ಚಾಗಿ ಕೆಸರಿನ ಕಣಕ್ಕೆ ಅಂಟಿ ಬರುವುದರಿಂದ ತಳಕ್ಕೆ ಇಳಿಯುತ್ತವೆ. ಆ ಕೆಸರನ್ನು ಮತ್ತೆ ಹೊಲಕ್ಕೇ ಎಸೆದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಮಣ್ಣು ಕೆಂಪು, ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಕ್ಯಾಡ್ಮಿಯಂ ಸಲೀಸಾಗಿ ಕರಗುತ್ತದೆ. ಪರೀಕ್ಷೆ ಹೇಳಿದಷ್ಟು ಕೃಷಿ ಸುಣ್ಣ ಹಾಕಿ 7ರ ಹತ್ತಿರ ತನ್ನಿ, 7.5 ದಾಟಿಸಿದರೆ ಸತು, ಕಬ್ಬಿಣ ಸಿಗದೆ ಮತ್ತೊಂದು ರಗಳೆ. ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ನಾಲ್ಕೈದು ಟನ್ ಕೊಟ್ಟರೆ ಲೋಹ ಅದಕ್ಕೆ ಅಂಟಿಕೊಳ್ಳುತ್ತದೆ. ಅಮೋನಿಯಂ ಸಲ್ಫೇಟ್, ಅತಿಯಾದ ಯೂರಿಯಾ ಮಣ್ಣನ್ನು ಹುಳಿ ಮಾಡುತ್ತವೆ, ಕಡಿಮೆ ಮಾಡಿ. ಅಂಗಡಿಯವರು ಇಂಥ ಹೊಲಕ್ಕೂ ಇಡಿಟಿಎ ಕೂಡಿದ ಲಘುಪೋಷಕಾಂಶ ಕೊಡುತ್ತಾರೆ. ಮಣ್ಣಿಗೆ ಅದನ್ನು ಹಾಕಲೇಬೇಡಿ. ಇಡಿಟಿಎ ಕಟ್ಟಿಬಿದ್ದ ಸೀಸ, ಕ್ಯಾಡ್ಮಿಯಂ ಎರಡನ್ನೂ ಬಿಡಿಸಿ ಬೇರಿನ ಬಾಯಿಗೆ ತಂದುಕೊಡುತ್ತದೆ. ಉಪ್ಪು ನೀರು ಹಾಯಿಸುವುದೂ ಇದೇ ಕೆಲಸ ಮಾಡುತ್ತದೆ, ಕ್ಲೋರೈಡ್ ಜೊತೆ ಕ್ಯಾಡ್ಮಿಯಂ ಸುಲಭವಾಗಿ ಓಡಾಡುತ್ತದೆ.

ಪ್ರಶ್ನೆ: ಲಾವಂಚ, ಸೂರ್ಯಕಾಂತಿ, ಸಾಸಿವೆ ಹಾಕಿದರೆ ಮಣ್ಣಿನ ವಿಷ ಹೀರಿ ತೆಗೆಯುತ್ತವಂತೆ. ಎಷ್ಟು ವರ್ಷ ಹಾಕಿದರೆ ಹೊಲ ಶುದ್ಧವಾಗುತ್ತದೆ?
– ಶ್ರೀರಂಗಪಟ್ಟಣ

ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಕ್ಯಾಡ್ಮಿಯಂ ಕಿಲೋಗೆ 1 ಮಿಲಿಗ್ರಾಂ ಇಳಿಸಬೇಕೆಂದರೆ 900 ಗ್ರಾಂ ಲೋಹ ಹೊರಗೆ ಸಾಗಿಸಬೇಕು. ಒಂದು ಬೆಳೆ 4 ಟನ್ ಒಣ ಸೊಪ್ಪುದಂಟು ಕೊಟ್ಟು, ಅದರಲ್ಲಿ ಕಿಲೋಗೆ 10 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಎಂದುಕೊಂಡರೂ ಹೋಗುವುದು 40 ಗ್ರಾಂ. ಅಂದರೆ ಸುಮಾರು 22 ಬೆಳೆ. ವರ್ಷಕ್ಕೊಂದು ಬೆಳೆಯಾದರೆ 22 ವರ್ಷ, ಅದೂ ಹೊಸ ಲೋಹ ಬರುವುದು ಪೂರ್ತಿ ನಿಂತಿದ್ದರೆ. ಮೋರಿ ನೀರು ಹರಿಯುತ್ತಲೇ ಇದ್ದರೆ ತೂತು ಕೊಡದಿಂದ ನೀರು ಹೊತ್ತ ಹಾಗೆ.

ನಿಜವಾಗಿ ಲೋಹ ಹೀರುವ ಸಸ್ಯಗಳು ಉಷ್ಣವಲಯದಲ್ಲಿ ಇವೆ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಪಿಕ್ನಾಂಡ್ರ ಅಕ್ಯುಮಿನಾಟ ಎಂಬ ಮರದ ತೊಗಟೆ ಕೊಯ್ದರೆ ನೀಲಿ-ಹಸಿರು ಹಾಲು ಸುರಿಯುತ್ತದೆ. ಒಣಗಿಸಿದರೆ ಅದರ ಕಾಲು ಭಾಗ ನಿಕ್ಕಲ್ಲೇ. ನಮ್ಮಲ್ಲೂ ಹಳೇ ಬಾವಿ, ಗೋಡೆಯ ಸಂದಿನಲ್ಲಿ ಬೆಳೆಯುವ ಟೆರಿಸ್ ವಿಟಾಟ ಎಂಬ ಜರಿಗಿಡ ಆರ್ಸೆನಿಕ್ ಅನ್ನು ಭಾರೀ ಪ್ರಮಾಣದಲ್ಲಿ ಎಲೆಗೆ ಏರಿಸಿಕೊಳ್ಳುತ್ತದೆ, ಇದು 2001ರಲ್ಲಿ ಗೊತ್ತಾಯಿತು. ಆದರೆ ಇವು ಒಂದೊಂದು ಲೋಹಕ್ಕೆ ಒಗ್ಗಿದವು. ಸೀಸವನ್ನು ಇಷ್ಟು ಚುರುಕಾಗಿ ತೆಗೆಯುವ, ಹೊಲದಲ್ಲಿ ಬೆಳೆಯಬಹುದಾದ ಗಿಡ ಇಲ್ಲ.

ಲಾವಂಚದ ಗುಣ ಬೇರೆ. ಅದು ಲೋಹವನ್ನು ಬಹುಪಾಲು ಬೇರಿನಲ್ಲೇ ಹಿಡಿದಿಟ್ಟು, ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಮೋರಿಯ ಅಂಚಿಗೆ, ಹೊಂಡದ ದಂಡೆಗೆ ಅರ್ಧ ಅಡಿಗೊಂದರಂತೆ ಎರಡು ಸಾಲು ಹಾಕಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ. ಅಂಥ ಜಾಗದ ಲಾವಂಚದ ಬೇರನ್ನು ಮಾತ್ರ ಕಿತ್ತು ನೀರಿನ ಹೂಜಿಗೋ ಎಣ್ಣೆಗೋ ಮಾರಬೇಡಿ. ಹೀರಲು ಹಾಕಿದ ಸಾಸಿವೆ, ಸೂರ್ಯಕಾಂತಿಯನ್ನು ದನಕ್ಕೆ ಹಾಕುವುದು, ಗಾಣಕ್ಕೆ ಕೊಡುವುದು, ಹೊಲದಲ್ಲೇ ಸುಡುವುದು, ಗೊಬ್ಬರದ ಗುಂಡಿಗೆ ತುಂಬುವುದು ಎಲ್ಲವೂ ತಪ್ಪು. ಲೋಹ ಸುತ್ತಿ ಬಳಸಿ ಅಲ್ಲಿಗೇ ವಾಪಸ್ ಬರುತ್ತದೆ.

ಪ್ರಶ್ನೆ: ಆಲೆಮನೆ ಬೂದಿ ಕಬ್ಬಿನ ಗದ್ದೆಗೆ ಹಾಕಬಹುದೇ? ಪುಕ್ಕಟೆ ಸಿಗುತ್ತದೆ.
– ಪಾಂಡವಪುರ ತಾಲ್ಲೂಕು

ಒಲೆಗೆ ಏನು ಹಾಕಿದ್ದರು ಎಂಬುದರ ಮೇಲೆ ಹೋಗುತ್ತದೆ. ಬರೀ ಕಬ್ಬಿನ ಸಿಪ್ಪೆ, ತರಗು ಉರಿಸಿದ್ದರೆ ಧಾರಾಳವಾಗಿ ಹಾಕಿ. ಅದರಲ್ಲಿ ಸಿಲಿಕಾ ಹೆಚ್ಚು, ಪೊಟ್ಯಾಷ್ ಸ್ವಲ್ಪ ಇರುತ್ತದೆ. ಸಿಲಿಕಾ ಕಬ್ಬು, ಭತ್ತ ಎರಡರ ಎಲೆಯನ್ನೂ ಗಟ್ಟಿ ಮಾಡಿ ಬರ, ಉಪ್ಪು, ಲೋಹದ ಒತ್ತಡ ತಾಳುವಂತೆ ಮಾಡುತ್ತದೆ. ಬೂದಿ ಕ್ಷಾರೀಯ, ಹಾಗಾಗಿ ಪಿಎಚ್ 8 ದಾಟಿದ ಕಪ್ಪು ಮಣ್ಣಿಗೆ ಬೇಡ.

ಟೈರ್, ಪ್ಲಾಸ್ಟಿಕ್, ಹಳೇ ಚಪ್ಪಲಿ ಉರಿಸಿದ್ದ ಬೂದಿಯನ್ನು ಗದ್ದೆಯ ಹತ್ತಿರಕ್ಕೂ ತರಬೇಡಿ. ಟೈರಿನ ತೂಕದಲ್ಲಿ ಶೇ 1ರಿಂದ 2ರಷ್ಟು ಸತುವಿನ ಆಕ್ಸೈಡ್ ಇರುತ್ತದೆ, ಸುಟ್ಟ ಮೇಲೆ ಅದರ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ, ಜೊತೆಗೆ ಕಲಬೆರಕೆಯಾಗಿ ಕ್ಯಾಡ್ಮಿಯಂ. ಹೀಗೆ ಸತು ವಿಪರೀತವಾದರೆ ಎಳೆ ಗರಿ ಕಬ್ಬಿಣದ ಕೊರತೆಯಂತೆ ಪಟ್ಟೆಪಟ್ಟೆಯಾಗಿ ಬಿಳಿಚುತ್ತದೆ. ರೈತರು ಕಬ್ಬಿಣದ ಸಲ್ಫೇಟ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ಬೂದಿಯಲ್ಲಿ ತೆಳ್ಳನೆ ತಂತಿಯ ಸುರುಳಿಗಳು ಕಂಡರೆ ಅದು ಟೈರಿನ ಬೂದಿ, ಗುರುತಿಗೆ ಇಷ್ಟು ಸಾಕು. ಟೈರ್ ಹೊಗೆ ಬೆಲ್ಲದ ಕೊಪ್ಪರಿಗೆಯ ಸುತ್ತ ದುಡಿಯುವವರ ಶ್ವಾಸಕೋಶಕ್ಕೆ ಮಾಡುವ ಹಾನಿ ಇದಕ್ಕಿಂತ ದೊಡ್ಡದು. ಆಲೆಮನೆಯವರಿಗೆ ನೀವೇ ಹೇಳಿ.

ಪ್ರಶ್ನೆ: ನಮ್ಮದು ಹಳೇ ವೀಳ್ಯದೆಲೆ ತೋಟ. ಕೊಳೆರೋಗಕ್ಕೆ ವರ್ಷವೆಲ್ಲ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಈಚೆಗೆ ಹೊಸ ಬಳ್ಳಿ ಹತ್ತುತ್ತಿಲ್ಲ, ಎಲೆ ಬಿಳಿಚುತ್ತಿದೆ. ಮೈಲುತುತ್ತ ಮಣ್ಣಿಗೆ ಸೇರಿ ಹೀಗಾಗುತ್ತದೆಯೇ?
– ಮೈಸೂರು

ಆಗುತ್ತದೆ. ಈ ಪತ್ರಗಳಲ್ಲಿ ಲೋಹ ಹೆಚ್ಚಾಗಿಯೇ ಗಿಡ ಸೊರಗಿರುವುದು ಬಹುಶಃ ನಿಮ್ಮದೊಂದರಲ್ಲೇ. ಶೇ 1ರ ದ್ರಾವಣ ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅದರಲ್ಲಿ ಕಾಲು ಕಿಲೋ ತಾಮ್ರ. ಎಕರೆಗೆ ಸಲಕ್ಕೆ 200 ಲೀಟರಿನಂತೆ ವರ್ಷಕ್ಕೆ ಹತ್ತು ಸಲ ಹೊಡೆದರೆ 5 ಕಿಲೋ ತಾಮ್ರ ತೋಟಕ್ಕೆ ಬೀಳುತ್ತದೆ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಮಣ್ಣಿನ ಪ್ರತಿ ಕಿಲೋಗೆ ವರ್ಷಕ್ಕೆ ಐದೂವರೆ ಮಿಲಿಗ್ರಾಂ, ಇಪ್ಪತ್ತು ವರ್ಷಕ್ಕೆ 110. ಕೀಟನಾಶಕದಂತೆ ತಾಮ್ರ ಕರಗಿ ಹೋಗುವ ವಸ್ತುವಲ್ಲ, ಬಿದ್ದದ್ದು ಬಿದ್ದಲ್ಲೇ. ಯುರೋಪಿನ ಚರಂಡಿ ಕೆಸರಿನ ನಿಯಮ ಮಣ್ಣಿನ ತಾಮ್ರಕ್ಕೆ ಇಟ್ಟ ಮಿತಿ 50ರಿಂದ 140 ಮಿಲಿಗ್ರಾಂ.

ಹತ್ತದ ಬಳ್ಳಿಯೊಂದನ್ನು ಅಗೆದು ಬೇರು ತೊಳೆದು ನೋಡಿ. ತಾಮ್ರದ ನಂಜಾಗಿದ್ದರೆ ಬೇರು ಮೊಂಡಾಗಿ, ಕಂದಾಗಿ, ಕವಲಿಲ್ಲದೆ ಮುಳ್ಳುತಂತಿಯಂತೆ ಇರುತ್ತದೆ. ಮೆತ್ತಗೆ ಕೊಳೆತು ಸಿಪ್ಪೆ ಜಾರಿದರೆ ಅದು ರೋಗವೇ. ತಾಮ್ರ ಎಂದು ಖಾತ್ರಿಯಾದರೆ ಕಳಿತ ಗೊಬ್ಬರ ಚೆನ್ನಾಗಿ ಕೊಡಿ, ತಾಮ್ರ ಅದಕ್ಕೆ ಬಿಗಿಯಾಗಿ ಅಂಟುತ್ತದೆ. ಮಣ್ಣು ಹುಳಿಯಿದ್ದರೆ ಸುಣ್ಣ. ಬುಡಕ್ಕೆ ಸುರಿಯುವುದನ್ನು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಮಿಶ್ರಿತ ಗೊಬ್ಬರಕ್ಕೆ ಬದಲಿಸಿ, ಬಸಿಗಾಲುವೆ ಸರಿಮಾಡಿ. ಕೊಳೆರೋಗ ಮೊದಲು ಬರುವುದು ನೀರು ನಿಲ್ಲುವ ಮಡಿಗೆ.

ದ್ರಾವಣ ಮಾಡುವಾಗ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರಿಗೆ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು; ತಿರುಗಾಮುರುಗಾ ಮಾಡಿದರೆ ಒಡೆದು ತಳಕ್ಕೆ ಕೂರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಬಿಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು. ಅವತ್ತೇ ಬಳಸಿ ಮುಗಿಸಿ. ವೀಳ್ಯದೆಲೆಯನ್ನು ಜನ ಹಸಿಯಾಗಿ ಜಗಿಯುತ್ತಾರೆ, ಆದ್ದರಿಂದ ಬಲಿತ ಎಲೆ ಪೂರ್ತಿ ಕೊಯ್ದ ಮೇಲಷ್ಟೇ ಹೊಡೆಯಿರಿ.

ಪ್ರಶ್ನೆ: ಕೆರೆ ಹೂಳು ಹೊಲಕ್ಕೆ ಹೊಡೆಸುತ್ತಿದ್ದೇವೆ. ಕೆರೆಗೆ ಊರಿನ ಮೋರಿ ಸೇರುತ್ತದೆ. ಪರವಾಗಿಲ್ಲವೇ?
– ಮಂಡ್ಯ

ಮಳೆನೀರಿನ ಕೆರೆಯ ಹೂಳು ಚಿನ್ನ. ಮೋರಿ, ಗ್ಯಾರೇಜು, ಬಣ್ಣದಂಗಡಿ, ಲೋಹಲೇಪದ ಘಟಕಗಳ ನೀರು ಸೇರುವ ಕೆರೆಯದು ಹಾಗಲ್ಲ, ಅಲ್ಲಿ ದಶಕಗಳ ಲೋಹ ತಳದಲ್ಲಿ ಕೂತಿರುತ್ತದೆ. ಕೆರೆಯ ತಳದಲ್ಲಿ ಗಾಳಿಯಿಲ್ಲದ ಕಾರಣ ಲೋಹ ಗಂಧಕದೊಡನೆ ಕಟ್ಟಿಬಿದ್ದಿರುತ್ತದೆ. ಹೊಲಕ್ಕೆ ತಂದು ಒಣಗಿಸಿದ ಮೇಲೆ ತಾನೇ ಬಿಡುಗಡೆಯಾಗುವುದು! ಟ್ರ್ಯಾಕ್ಟರ್ ಬಾಡಿಗೆ ಕೊಡುವ ಮೊದಲು ಹೂಳಿನ ಒಂದು ಮಾದರಿ ಪರೀಕ್ಷೆ ಮಾಡಿಸಿ. ಹೋಲಿಕೆಗೆ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಇಟ್ಟ ಮಿತಿ ನೋಡಿ: ಒಣತೂಕದ ಕಿಲೋಗೆ ಕ್ಯಾಡ್ಮಿಯಂ 5, ನಿಕ್ಕಲ್ 50, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ. ಕಾಂಪೋಸ್ಟನ್ನು ಟನ್ ಲೆಕ್ಕದಲ್ಲಿ ಹಾಕುತ್ತೇವೆ, ಹೂಳನ್ನು ನೂರಾರು ಗಾಡಿ ಹೊಡೆಸುತ್ತೇವೆ. ಆದ್ದರಿಂದ ಹೂಳು ಈ ಮಿತಿಗಿಂತ ಬಹಳ ಕೆಳಗಿದ್ದರೆ ಮಾತ್ರ ಒಪ್ಪಿ.

ಪ್ರಶ್ನೆ: ಅಗ್ರಹಾರದ ಹಳೇ ಮನೆ. ಗೋಡೆ ಪಕ್ಕದ ಮಣ್ಣಿನಲ್ಲೂ ಬಣ್ಣದ ಡಬ್ಬಗಳಲ್ಲೂ ಮೆಂತ್ಯ, ಪುದೀನ ಬೆಳೆಯುತ್ತೇನೆ. ತೊಂದರೆ ಇದೆಯೇ?
– ಮೈಸೂರು

ಹಳೆಯ ಕಿಟಕಿ, ಬಾಗಿಲಿನ ಬಣ್ಣದಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರಲ್ಲಿ. ಸೀಸದ ಪೆಟ್ರೋಲು ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ, ಅದರ ಧೂಳು ರಸ್ತೆಬದಿ ಮಣ್ಣಿನಲ್ಲಿ ಇನ್ನೂ ಇದೆ. ಬಣ್ಣ ಉದುರುವ ಗೋಡೆಯಿಂದ, ರಸ್ತೆಯಿಂದ ದೂರ, ಹೊಸ ಕೆಂಪು ಮಣ್ಣು ತುಂಬಿದ 30 ಸೆಂಟಿಮೀಟರ್ ಎತ್ತರದ ಮಡಿ ಮಾಡಿಕೊಳ್ಳಿ, ತಳಕ್ಕೆ ಗೋಣಿಚೀಲ ಹಾಸಿ. ಬಣ್ಣದ ಡಬ್ಬ, ರಾಸಾಯನಿಕದ ನೀಲಿ ಡ್ರಮ್ಮು ಬೇಡ, ಮಣ್ಣಿನ ಕುಂಡ ಸಾಕು. ಆ ಗೋಡೆ ಪಕ್ಕದ ಮಣ್ಣಿನಲ್ಲಿ ಮಕ್ಕಳು ಆಡದಂತೆ ನೋಡಿಕೊಳ್ಳುವುದು ಪುದೀನಕ್ಕಿಂತ ಮುಖ್ಯ.

ಪ್ರಶ್ನೆ: ದೊಡ್ಡಕಾನ್ಯ ಕಡೆಯ ಜಮೀನು. ಎಷ್ಟು ಗೊಬ್ಬರ ಹಾಕಿದರೂ ಬೆಳೆ ಮೇಲೇಳುವುದಿಲ್ಲ. ಸುತ್ತ ಕಾರ್ಖಾನೆ ಯಾವುದೂ ಇಲ್ಲ, ಆದರೂ ಮಣ್ಣಿನಲ್ಲಿ ನಿಕ್ಕಲ್, ಕ್ರೋಮಿಯಂ ಹೆಚ್ಚಿದೆ ಎಂದು ವರದಿ ಬಂದಿದೆ. ಹೇಗೆ ಸಾಧ್ಯ?

ನಿಮ್ಮ ಬಂಡೆಯೇ ಹಾಗೆ. ದೊಡ್ಡಕಾನ್ಯ, ಸಿಂಧುವಳ್ಳಿ ಸುತ್ತ ಮ್ಯಾಗ್ನಸೈಟ್, ಕ್ರೋಮೈಟ್ ಗಣಿ ಇದ್ದದ್ದು ಅದೇ ಕಾರಣಕ್ಕೆ. ಅಲ್ಲಿನ ಕಲ್ಲಿನಲ್ಲಿ ಮ್ಯಾಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ಹುಟ್ಟಿನಿಂದಲೇ ಹೆಚ್ಚು, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ. ಇಂಥ ಮಣ್ಣಿನ ಕ್ರೋಮಿಯಂ ಹೆಚ್ಚಾಗಿ ಕ್ರೋಮಿಯಂ-3 ಎಂಬ ಕರಗದ ರೂಪದಲ್ಲಿರುತ್ತದೆ, ಬೇರಿಗೆ ಸಿಗುವುದು ಅತ್ಯಲ್ಪ. ‘ಒಟ್ಟು’ ಅಂಕಿ ನೋಡಿ ಗಾಬರಿಯಾಗಬೇಡಿ, ಡಿಟಿಪಿಎ ಅಂಕಿ ನೋಡಿ. ಬೆಳೆ ಕುಂಠಿತವಾಗಲು ಮುಖ್ಯ ಕಾರಣ ಮ್ಯಾಗ್ನೀಸಿಯಂ ಸುಣ್ಣದಂಶವನ್ನು ಮೀರಿಸಿರುವುದು. ಪರೀಕ್ಷೆಯಲ್ಲಿ ಎರಡರ ಪ್ರಮಾಣ ಕೇಳಿ ಪಡೆದು, ಶಿಫಾರಸಿನಂತೆ ಜಿಪ್ಸಂ ಹಾಕಿ. ಮ್ಯಾಗ್ನೀಸಿಯಂ ಇರುವ ಡಾಲೊಮೈಟ್ ಸುಣ್ಣ ಹಾಕಿದರೆ ಇನ್ನಷ್ಟು ಕೆಡುತ್ತದೆ.

ಪ್ರಶ್ನೆ: ಮೋರಿ ನೀರಿನ ಹುಲ್ಲು ತಿಂದ ಹಸುವಿನ ಹಾಲಿನಲ್ಲಿ ಲೋಹ ಬರುತ್ತದೆಯೇ?
– ನಂಜನಗೂಡು ರಸ್ತೆ, ಮೈಸೂರು

ಕ್ಯಾಡ್ಮಿಯಂ ಹಸುವಿನ ಯಕೃತ್ತು, ಮೂತ್ರಪಿಂಡದಲ್ಲಿ ಉಳಿದುಬಿಡುತ್ತದೆ, ಹಾಲಿಗೆ ಬರುವುದು ತೀರಾ ಕಡಿಮೆ. ಸೀಸ ಅದಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಹುಲ್ಲಿಗೆ ಮೆತ್ತಿದ ಕೆಸರೇ ದೊಡ್ಡ ಮೂಲ, ಆದ್ದರಿಂದ ನೆಲಕ್ಕೆ ಹತ್ತದಂತೆ ಒಂದು ಗೇಣು ಬಿಟ್ಟು ಕೊಯ್ದು, ಒಳ್ಳೆಯ ನೀರಿನಲ್ಲಿ ಜಾಲಿಸಿ ಹಾಕಿ.

ಈ ಹುಲ್ಲಿನಲ್ಲಿ ಲೋಹಕ್ಕಿಂತ ಬೇಗ ಕೊಲ್ಲುವುದು ನೈಟ್ರೇಟ್. ಮೋರಿ ನೀರಿನ ಸಾರಜನಕವನ್ನು ಹುಲ್ಲು ಬಾಚಿಕೊಳ್ಳುತ್ತದೆ. ಮೋಡ ಮುಚ್ಚಿದ ವಾರದಲ್ಲಿ, ಅಥವಾ ಬಿಸಿಲಿಗೆ ಬಾಡಿ ಮತ್ತೆ ನೀರು ಕಂಡಾಗ, ಅದನ್ನು ಸಸಾರಜನಕವಾಗಿ ಅರಗಿಸಿಕೊಳ್ಳಲು ಆಗದೆ ಕಾಂಡದ ಬುಡದಲ್ಲಿ ನೈಟ್ರೇಟಾಗಿಯೇ ಉಳಿಸಿಕೊಳ್ಳುತ್ತದೆ. ಕೊಯ್ದು ಬಾಡಿಸಿದರೂ, ಒಣಗಿಸಿದರೂ ಅದು ಕಡಿಮೆಯಾಗುವುದಿಲ್ಲ. ಹಸಿದ ಹಸುವಿಗೆ ಇದನ್ನೇ ಮೊದಲು ಹಾಕಬೇಡಿ. ಮೊದಲು ಒಣ ಭತ್ತದ ಹುಲ್ಲು, ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಇದನ್ನು ಒಟ್ಟು ಮೇವಿನ ಅರ್ಧಕ್ಕಿಂತ ಕಡಿಮೆ ಇರುವಂತೆ ಎರಡು ಮೂರು ಹೊತ್ತಿಗೆ ಹಂಚಿ ಹಾಕಿ. ಮೇವು ತಿಂದ ಕೆಲವೇ ಗಂಟೆಗಳಲ್ಲಿ ಹಸು ಏದುಸಿರು ಬಿಟ್ಟು, ತೂರಾಡಿ, ಒಸಡು ನೀಲಿಗಟ್ಟಿ, ರಕ್ತ ಕಂದುಬಣ್ಣಕ್ಕೆ ತಿರುಗಿದರೆ ಮೇವು ತೆಗೆದು ಆ ಗಳಿಗೆಯಲ್ಲೇ ಪಶುವೈದ್ಯರನ್ನು ಕರೆಸಿ, ‘ಮೋರಿ ಹುಲ್ಲು ತಿಂದಿದೆ’ ಎಂದು ಮೊದಲೇ ಹೇಳಿ. ಇದಕ್ಕೆ ರಕ್ತನಾಳಕ್ಕೆ ಕೊಡುವ ಮೀಥಿಲೀನ್ ಬ್ಲೂ ಚುಚ್ಚುಮದ್ದು ಇದೆ. ಅವರು ಅದನ್ನು ಜೊತೆಯಲ್ಲೇ ಹಿಡಿದು ಬರಬಹುದು.